ತೊಟ್ಟಿಗಿಳಿದ ಕಡಲ ಕಲ್ಲು

ಹಡಗಿನಲ್ಲಿ ವಿಂಚ್ ನಡೆಸುವ ಅವನನ್ನು ನಾವೆಲ್ಲ ಕರೆಯುತ್ತಿದ್ದುದು ರಾಟೆ ಮಾಮ ಅಂತಲೇ. ಕಡಲ ತಳಕ್ಕೆ ಉಕ್ಕಿನ ಹಗ್ಗ ಇಳಿಬಿಟ್ಟು ಕಲ್ಲು ಎತ್ತುವುದು ಅವನ ಕಸುಬು. ಅಲ್ಲಿ ಜ್ವಾಲಾಮುಖಿಯ ಬಿರುಕಿಗೆ ಇಳಿದ ನೀರು ಕೊತಕೊತನೆ ಕಾದು, ಬಂಡೆಯೊಳಗಿನ ತಾಮ್ರ, ಸತು, ಗಂಧಕವನ್ನೆಲ್ಲ ಕರಗಿಸಿಕೊಂಡು ಕರೀ ಹೊಗೆಯಂತೆ ಮೇಲೇಳುತ್ತದೆ. ತಣ್ಣೀರು ತಾಗಿದ್ದೇ ತಡ, ಕರಗಿದ್ದು ಗಟ್ಟಿಯಾಗಿ ಚಿಮಣಿಯಂತೆ ಬೆಳೆಯುತ್ತದೆ. ಆ ಚಿಮಣಿಗಳನ್ನು ಕೆಡವಿ ಲೋಹ ತೆಗೆಯುವುದು ಕಂಪನಿಯ ಆಸೆ. ಕೂಡದು ಎಂದು ಬಾವುಟ ಹಿಡಿದವರು ನಾವು. ಆದರೂ ಚಹಾ ಅಂಗಡಿಯಲ್ಲಿ ಅವನಿಗೂ ನಮಗೂ ಮಾತಿತ್ತು. “ನೀವು ಕೂಗ್ತಾ ಇರಿ, ನಾನು ಎಳೀತಾ ಇರ್ತೀನಿ” ಎನ್ನುತ್ತಿದ್ದ.

ಮೇಲೆ ಬಂದ ಚೂರುಗಳಲ್ಲಿ ಒಂದನ್ನು ಮನೆಗೊಯ್ಯುವುದು ಹಡಗಿನವರ ರೂಢಿ. ಅವನೂ ಒಂದು ತಂದ. ಚಿನ್ನದ ಹಾಗೆ ಮಿಣುಗುವ ಕಲ್ಲು. ಮಗಳ ಗಾಜಿನ ತೊಟ್ಟಿಯಲ್ಲಿ ಇಳಿಸಿ, “ನಿನ್ನ ಮೀನಿಗೆ ಅರಮನೆ ಕಣೇ ಪುಟ್ಟಿ” ಎಂದ.

ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲಿದವು. ಕಲ್ಲಿನ ಸುತ್ತ ತುಕ್ಕಿನ ಬಣ್ಣ ಕಟ್ಟಿದ್ದು ಅವನ ಕಣ್ಣಿಗೆ ಬಿದ್ದಿತ್ತು. ಹೆಂಡತಿ ಮಾತ್ರ ಮಗಳ ಮೇಲೆ ಹರಿಹಾಯ್ದಳು. “ಹಿಡಿ ಹಿಡಿ ತಿಂಡಿ ಸುರಿದು ಕೊಂದೆಯಲ್ಲೇ.” ಇವನು ಬಾಯಿಗೆ ಬೀಗ ಹಾಕಿಕೊಂಡ. ಹುಡುಗಿಯೇ, “ಜಾಸ್ತಿ ಹಾಕ್ದೆ ಅನ್ಸತ್ತೆ” ಎಂದು ಒಪ್ಪಿಕೊಂಡಾಗ ಅವಳ ತಲೆ ಸವರಿ, “ಹೋಗ್ಲಿ ಬಿಡು” ಎಂದ. ಏನೋ ದೊಡ್ಡ ಮನಸ್ಸಿನವನ ಹಾಗೆ.

ಆಮೇಲೆ ಅವಳು ಪಕ್ಕದ ಮನೆಯ ಬೆಕ್ಕಿಗೆ ಹಾಲಿಡಲೂ ಹೆದರತೊಡಗಿದಳು. “ನಾನು ಹಾಕಿದ್ರೆ ಸತ್ತೋಗತ್ತೆ” ಎಂದಳಂತೆ. ಅದನ್ನು ಕೇಳಿದ ಸಂಜೆಯೇ ಅವನು ಅಂಗಡಿಗೆ ಬಂದ. ಚಹಾ ಮುಟ್ಟದೆ, ಮೀನು ಸತ್ತಿದ್ದನ್ನೂ ಮಗಳು ಬೈಸಿಕೊಂಡಿದ್ದನ್ನೂ ಹೇಳಿ ಕೇಳಿದ.

“ಆ ಕಲ್ಲಿಂದ ಮೀನು ಸಾಯತ್ತಾ?”

“ಸಾಯದೆ ಇನ್ನೇನು ಮಾಮ? ಗಂಧಕದ ಕಲ್ಲು. ಗಾಳಿ ಬೆರೆತ ನೀರಲ್ಲಿ ಆ್ಯಸಿಡ್ ಬಿಡತ್ತೆ, ತಾಮ್ರ ಬಿಡತ್ತೆ. ಇದನ್ನೇ ಅಲ್ವಾ ನಾವು ಗಂಟಲು ಹರ್ಕೊಂಡು ಹೇಳ್ತಿರೋದು” ಎಂದೆ.

ನಮ್ಮ ಸಂಘದ ಅಕ್ಕನೂ ಅಲ್ಲೇ ಇದ್ದಳು. “ನಾಳೆ ಸಭೇಲಿ ಇದನ್ನೇ ಹೇಳ್ಬಿಡು” ಎಂದಳು.

“ನಿಮ್ಮ ಸಭೆ ಹಾಳಾಗ್ಲಿ. ಮನೇಲಿ ಹೇಳೋಕೇ ನಾಲಿಗೆ ಏಳ್ತಿಲ್ಲ. ನನಗೆ ಅವತ್ತೇ ಅನುಮಾನ ಬಂದಿತ್ತು ಕಣಕ್ಕ.”

“ಹಾಗಾದ್ರೆ ಮೀನು ಸತ್ತಿದ್ದು ನಿನಗೆ ಗೊತ್ತಿಲ್ದೆ. ಮಗು ತಲೆಗೆ ಕಟ್ಟಿದ್ದು ಗೊತ್ತಿದ್ದೇ” ಎಂದಳು ಅಕ್ಕ. ಅವನು ಎದ್ದು ಹೋದ.

ಮುಂದಿನದನ್ನು ಮರುದಿನ ಅವನೇ ಹೇಳಿದ. ಮಗಳು ವರಾಂಡದಲ್ಲಿ ಬೂಟು ಒರೆಸುತ್ತಿದ್ದಳಂತೆ. ಎದುರಿಗೆ ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದ. ಅಳುತ್ತಾಳೆ, ಇಲ್ಲವೇ ಕೊರಳಿಗೆ ಬೀಳುತ್ತಾಳೆ ಅಂದುಕೊಂಡಿದ್ದ. ಅವಳು ಬಟ್ಟೆ ಕೆಳಗಿಟ್ಟಳು.

“ಗೊತ್ತಿದ್ದೂ ಸುಮ್ನಿದ್ಯಾ ಅಪ್ಪ?”

“ಹೂಂ.”

“ಬಾ.” ಅಂಗಿಯ ತೋಳು ಹಿಡಿದು ಅಡುಗೆಮನೆಗೆ ಎಳೆದೊಯ್ದಳು. “ಅಮ್ಮ, ಅಪ್ಪ ನಿನಗೆ ಏನೋ ಹೇಳ್ಬೇಕಂತೆ” ಎಂದವಳೇ, ಅವನು ತಪ್ಪಿಸಿಕೊಂಡು ಹೋಗದಂತೆ ಬಾಗಿಲಿಗೆ ಅಡ್ಡ ನಿಂತಳು.