ಬಾಗಿಲು ಹಾಕಿಕೊಳ್ಳದ ಕಾರು

ನಿವೃತ್ತನಾದ ವರ್ಷವೇ ಬಳ್ಳಾರಿಯ ಪರಿಚಯದವರೊಬ್ಬರಿಂದ ಹಳೆಯ ಕಾರೊಂದನ್ನು ಕೊಂಡು ಕೊಟ್ಟೂರಿನ ನಮ್ಮ ಮನೆಗೆ ತಂದೆ. ಎರಡೇ ಸೀಟು, ಉದ್ದ ಮೂತಿ, ತಲೆಯ ಮೇಲೆ ಛಾವಣಿ ಇಲ್ಲ. ಐಟಿಐ ಒಂದರಲ್ಲಿ ಬದುಕಿಡೀ ವೆಲ್ಡಿಂಗ್ ಕಲಿಸಿದವನಿಗೆ ಹಳೆಯ ಕಬ್ಬಿಣದ ಭಯವೇನು ಎಂಬ ಜಂಬ ನನಗಿತ್ತು.

ಹೆಂಡತಿಯನ್ನು ಕೂರಿಸಿಕೊಂಡು ಹಡಗಲಿಯ ಅವಳ ಅಕ್ಕನ ಮನೆಗೆ ಹೊರಟೆ. ಹಗರಿಬೊಮ್ಮನಹಳ್ಳಿ ಸೇರುವ ಮೊದಲು ಒಂದು ಹಂಪ್ ಹತ್ತಿ ಇಳಿಯುತ್ತಿದ್ದಂತೆ ಅವಳ ಕಡೆಯ ಬಾಗಿಲು ತಾನಾಗಿ ತೆರೆದುಕೊಂಡಿತು. ಮಡಿಲಲ್ಲಿದ್ದ ಚೀಲ ರಸ್ತೆಗೆ ಬಿತ್ತು. ಅವಳು ನನ್ನ ಅಂಗಿ ಹಿಡಿದು ಉಳಿದಳು. ಗಾಡಿ ನಿಲ್ಲಿಸಿದ ಮೇಲೆ ಇಳಿದು ಹೋಗಿ ಚೀಲ ಎತ್ತಿಕೊಂಡಳು.

"ನೀವು ಇದರಾಗ ಬರ್ರಿ, ನಾ ಬಸ್ಸಿಗೆ ಹೋಗ್ತೀನಿ," ಎಂದು ಚೀಲ ಕೊಡವಿಕೊಂಡು ನಡೆದೇಬಿಟ್ಟಳು.

ಮರುದಿನ ಮನೆಯಂಗಳದಲ್ಲಿ ಮುಂದಿನ ಚಕ್ರದ ಬಳಿ ಜಾಕ್ ಕೊಟ್ಟು ಎತ್ತಿ ನೋಡಿದೆ. ಗಾಡಿಯ ಮೈಯೇ ಬಾಗಿ ಬಾಗಿಲಿನ ಸಂದು ಕಣ್ಣೆದುರೇ ಬದಲಾಯಿತು. ನೆಲದ ಮೇಲಿದ್ದಾಗ ಬೆರಳು ತೂರುತ್ತಿದ್ದ ಜಾಗದಲ್ಲಿ ಈಗ ಉಗುರೂ ತೂರಲಿಲ್ಲ. ಛಾವಣಿ ಇರುವ ಕಾರಿನಲ್ಲಿ ಮೇಲಿನ ತಗಡೂ ಭಾರ ಹೊರುತ್ತದೆ. ಇದರಲ್ಲಿ ಎಲ್ಲವೂ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ಪೆಟ್ಟಿಗೆಯ ಮೇಲೆಯೇ. ಆ ಪೆಟ್ಟಿಗೆಯೊಳಗೆ ತುಕ್ಕು ತುಂಬಿಕೊಂಡಿತ್ತು.

ಕೂಡ್ಲಿಗಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಟ್ರ್ಯಾಕ್ಟರ್ ಟ್ರೈಲರ್ ಕಟ್ಟುವ ಶೆಡ್ ಇಟ್ಟಿದ್ದಾನೆ. ಈಗ ಅವನಿಗೂ ಕೂದಲು ನರೆತಿದೆ. ಕಾರನ್ನು ಅಲ್ಲಿಗೇ ಒಯ್ದೆ. ನಾನು ಕಾರಿನ ಹಿಂತುದಿಗೂ ಮುಂತುದಿಗೂ ಮಾತ್ರ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು ಎತ್ತಿದ್ದನ್ನು ನೋಡಿ ಅವನು ಹತ್ತಿರ ಬಂದ.

"ಸರ, ನಡುವು ಜೋತು ಬೀಳ್ತೈತ್ರಿ. ಚಕ್ರದ ಮ್ಯಾಲೆ ನಿಂದ್ರಿಸಿ, ಬಾಗ್ಲದ ಜಾಗಕ್ಕ ಅಡ್ಡ ಒಂದು ಪೈಪ್ ಕಟ್ಟಿ, ಆಮ್ಯಾಲೆ ಬೆಸುಗಿ ಸುಡೋಣಲ್ರಿ?"

"ನನಗ ಹೇಳ್ತಿ ಏನಪಾ?" ಎಂದೆ.

ಅವನು ತಲೆ ಕೆರೆದುಕೊಂಡು ತನ್ನ ಟ್ರೈಲರ್ ಕೆಲಸಕ್ಕೆ ಹೋದ.

ಮೂರು ದಿನ ದಪ್ಪ ತಗಡು ಕತ್ತರಿಸಿ, ಬಗ್ಗಿಸಿ, ಎರಡೂ ಕಡೆ ಉದ್ದಕ್ಕೆ ಒಂದೇ ಸಮ ವೆಲ್ಡ್ ಮಾಡಿದೆ. ಕಣ್ಣು ಉರಿಯಿತು, ಬೆನ್ನು ಹಿಡಿಯಿತು. ಆದರೂ ಬೆಸುಗೆಯ ಗೆರೆ ನೋಡಿ ಖುಷಿಯಾಯಿತು. ಗಾಡಿ ಇಳಿಸಿ ಬಾಗಿಲು ತಳ್ಳಿದೆ. ಹಾಕಿಕೊಳ್ಳಲಿಲ್ಲ. ಇನ್ನೊಂದು ಕಡೆ ಹೋಗಿ ತಳ್ಳಿದೆ. ಅದೂ ಹಾಗೆಯೇ. ರಬ್ಬರ್ ಸುತ್ತಿಗೆಯಿಂದ ಬಡಿದೆ, ಬಣ್ಣ ಎದ್ದುಬಂತು. ಜೋತುಬಿದ್ದ ನಡುವನ್ನು ನಾನೇ ನನ್ನ ಕೈಯಾರೆ ಹಾಗೇ ಬಿಗಿದುಬಿಟ್ಟಿದ್ದೆ. ಮೊದಲು ಸಡಿಲವಾಗಿದ್ದ ಸೊಟ್ಟ ಗಾಡಿ ಈಗ ಗಟ್ಟಿಯಾದ ಸೊಟ್ಟ ಗಾಡಿ.

ಅವನು ನಗಲಿಲ್ಲ, "ಹೇಳಿದ್ದೆನಲ್ರಿ" ಅನ್ನಲೂ ಇಲ್ಲ. ಅಂದಿದ್ದರೆ ಬೈದು ಹಗುರಾಗುತ್ತಿದ್ದೆ. ಸುಮ್ಮನೆ ಕುರ್ಚಿ ತಂದಿಟ್ಟ.

ಆ ರಾತ್ರಿ ಬಸ್ಸು ಹಿಡಿದು ಮನೆಗೆ ಬಂದೆ. ಬೆಳಗಿನ ಬಸ್ಸಿಗೆ ಮತ್ತೆ ಹೋಗಿ, "ಎಲ್ಲಾ ಕತ್ತರಿಸಿ ತೆಗಿ," ಎಂದೆ.

"ನೀವ ಕತ್ತರಿಸ್ರಿ ಸರ. ನಿಮ್ಮ ಬೆಸುಗಿ ಮ್ಯಾಲೆ ನಾ ಗ್ರೈಂಡರ್ ಇಡಂಗಿಲ್ಲ."

ತಪ್ಪು ನಂದೇ ಐತಪಾ ಎಂಬ ಮಾತು ತುಟಿಯವರೆಗೆ ಬಂತು. "ಚಾ ಹೇಳು," ಎಂದೆ. ಇಂದಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹಾಕಿದ್ದನ್ನು ಕೀಳುವುದು ಹಾಕಿದ್ದಕ್ಕಿಂತ ಹೆಚ್ಚು ದಿನ ತಿಂದಿತು. ಆಮೇಲೆ ಗಾಡಿ ಚಕ್ರದ ಮೇಲೆಯೇ ನಿಂತಿತು. ಬಾಗಿಲಿನ ಜಾಗಕ್ಕೆ ಪೈಪ್ ಕಟ್ಟಿದೆವು. ಅವನೊಂದು ಕಡೆ, ನಾನೊಂದು ಕಡೆ, ಗೇಣಷ್ಟು ಸುಡುವುದು, ಆರಲು ಬಿಡುವುದು, ಮತ್ತೊಂದು ತುದಿಯಲ್ಲಿ ಗೇಣಷ್ಟು ಸುಡುವುದು. ಸೀಟುಗಳ ಕೆಳಗೆ ಅಡ್ಡಲಾಗಿ ಒಂದು ಚೌಕ ಪೈಪನ್ನೂ ಕೂರಿಸಿದೆವು. ಬಾಗಿಲಿನ ಜಾಗದ ಪೈಪ್ ಬಿಚ್ಚಿದಾಗ ಅವನ ಕಡೆಯ ಬಾಗಿಲು ಟಪ್ಪನೆ ಹಾಕಿಕೊಂಡಿತು. ನನ್ನ ಕಡೆಯದಕ್ಕೆ ಭುಜ ಕೊಟ್ಟು ದೂಡಬೇಕಾಯಿತು. ಜಾಕ್ ಕೊಟ್ಟು ನೋಡಿದರೆ ಸಂದು ಮಾತ್ರ ಎರಡೂ ಕಡೆ ಕದಲಲಿಲ್ಲ.

ಹೆಂಡತಿಯನ್ನು ಎರಡು ವಾರ ಬಿಡದೆ ಕೇಳಿ ಒಪ್ಪಿಸಿ ಉಜ್ಜಿನಿಗೆ ಕರೆದೊಯ್ದೆ. ಹಂಪ್ ಬಂದಾಗಲೆಲ್ಲ ಅವಳು ಬಾಗಿಲು ಹಿಡಿದುಕೊಂಡಳು, ಅದು ತೆರೆಯಲಿಲ್ಲ. ಆದರೆ ಪ್ರತಿ ಹಂಪಿಗೂ ಕೆಳಗೆ ಕರ್ರ್ ಎಂದು ಕೆರೆಯುವ ಸದ್ದು.

"ಬಾಗ್ಲ ಗಟ್ಟಿ ಆಗೈತಿ, ಖರೆ," ಎಂದಳು. "ಈಗ ತಳ ಹೊಂಟೈತಿ ನೋಡ್ರಿ."

ಸೀಟಿನ ಕೆಳಗೆ ಕೂರಿಸಿದ ಆ ಚೌಕ ಪೈಪು ಗಾಡಿಯ ತಳಕ್ಕಿಂತ ಎರಡು ಬೆರಳಷ್ಟು ಕೆಳಗೆ ಇಳಿದಿದೆ. ಮೇಲೇರಿಸಲು ಸೀಟು ಬಿಚ್ಚಬೇಕು. ಮೂರು ಬೋಲ್ಟ್ ಬಿಚ್ಚಿದ್ದೇನೆ. ನಾಲ್ಕನೆಯದು ತುಕ್ಕು ಹಿಡಿದು ತಿರುಗುತ್ತಿಲ್ಲ. ನಿನ್ನೆಯಿಂದ ಎಣ್ಣೆ ಬಿಟ್ಟು ಕಾಯುತ್ತಿದ್ದೇನೆ.