ಮೊರದ ಸದ್ದಿಗೆ ಬಂದ ಕಾಡುಕೋಳಿ

ಹೇರೋಹಳ್ಳಿಯ ಬೆಟ್ಟಯ್ಯನ ಮುತ್ತಾತ ದಾಸಯ್ಯ, ಕೊಟ್ಟಿಗೆಗೆ ನುಗ್ಗಿದ ಚಿರತೆಯನ್ನು ಒನಕೆಯಲ್ಲೇ ಬಡಿದು ಕೆಡವಿದವನು. ತಾತ ಮುದ್ದಯ್ಯ, ಒಣಹುಲ್ಲಿನಲ್ಲಿ ಹಾದುಹೋದ ಮೊಲದ ಜಾಡನ್ನು ಅಂಗೈಯಲ್ಲಿ ಸವರಿ ಹೇಳುತ್ತಿದ್ದವನು. ಅಪ್ಪ ಹನುಮಯ್ಯ, ದೊರೆಗಳ ಬಿಡಾರಕ್ಕೆ ಒಂದೇ ದಿನ ನಲವತ್ತು ಕಾಡುಕೋಳಿ ಹೊತ್ತು ಹಾಕಿ ಬೆಳ್ಳಿ ಕಡಗ ತೊಟ್ಟು ಬಂದವನು. ಆ ಕಡಗಕ್ಕೆ ಊರೇ ಕೈಮುಗಿಯಿತು. ಗುಡ್ಡ ಬರಿದಾಗತೊಡಗಿದ್ದು ಅವತ್ತಿನಿಂದಲೇ ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಬೆಟ್ಟಯ್ಯನೂ ಕಮ್ಮಿಯವನಲ್ಲ. ಅವನು ಒಡ್ಡಿದ ಉರುಲು ಬರಿದೇ ಉಳಿದದ್ದಿಲ್ಲ. ಆದರೆ ಐವತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಎಂಟು ದಿನ ಗುಡ್ಡ ಸುತ್ತಿದರೂ ಒಂದು ಹುಂಜದ ಕೂಗು ಕೇಳಲಿಲ್ಲ. ಅವನಿಗೆ ಉಂಡ ಅನ್ನ ಮೈಗೆ ಹತ್ತದಂತಾಯಿತು. ಬೇಟೆಯ ಐದು ಮನೆಯವರನ್ನೂ ಕರೆದು ಮಣ್ಣು ಮುಟ್ಟಿಸಿ ಆಣೆ ಹಾಕಿಸಿದ: ಐದು ವರ್ಷ ಗುಡ್ಡದಲ್ಲಿ ಉರುಲಿಲ್ಲ, ಬಂದೂಕಿಲ್ಲ. ಆಮೇಲೆ ಸಾವನದುರ್ಗದ ತನಕ ನಡೆದು, ಎರಡು ಪೊದೆಗಳಿಂದ ಒಂಬತ್ತು ಮೊಟ್ಟೆಗಳನ್ನು ತೌಡಿನಲ್ಲಿಟ್ಟು ತಂದು ಮನೆಯ ಹೇಟೆಯನ್ನು ಕಾವಿಗೆ ಕೂರಿಸಿದ.

ಏಳು ಮರಿಯಾದವು. ಗೆದ್ದಲು ತಂದು ಹಾಕಿದ. ಮೊರ ತಟ್ಟಿ "ಬಾ ಬಾ ಬಾ" ಎಂದರೆ ಕಾಲಿಗೆ ಬಂದು ಮುತ್ತುತ್ತಿದ್ದವು.

ಹೆಂಡತಿ ನೀಲಮ್ಮ ನಕ್ಕಳು. "ಅಲ್ಲಾ, ಕರೆದ್ರೆ ಬರೋದು ಕಾಡುಕೋಳಿ ಹೆಂಗಾಯ್ತದೆ? ಗುಡ್ಡದಾಗೆ ಇವಕ್ಕೆ ಮೊರ ಯಾರು ತಟ್ತಾರೆ, ನಿಮ್ಮಪ್ಪನಾ?"

"ನಾನೇ ತಟ್ತೀನಿ, ಸುಮ್ಕಿರೇ."

ತಟ್ಟಿದ. ಗುಡ್ಡಕ್ಕೆ ಬಿಟ್ಟ ಮೇಲೂ ದಿನಾ ಬೆಳಿಗ್ಗೆ ಬಂಡೆಯ ಮೇಲೆ ರಾಗಿ ಚೆಲ್ಲಿ, ಕರೆದು, ಎಣಿಸಿ ಬರುತ್ತಿದ್ದ. ನಾಲ್ಕನೇ ವರ್ಷಕ್ಕೆ ಇಪ್ಪತ್ತಾರಾದವು. ಹುಂಜ ಕೂಗಿದರೆ ಐದು ಮನೆಯ ಗಂಡಸರೂ ಮೀಸೆ ತಿರುವಿಕೊಂಡು ಕೇಳುತ್ತಿದ್ದರು.

ಆಗ ಪೇಟೆಯಿಂದ ಜೀಪಿನಲ್ಲಿ ಒಬ್ಬ ಸಾಹುಕಾರ ಬಂದ. "ಈ ಬೋಳುಗುಡ್ಡದಲ್ಲಿ ಕಾಡುಕೋಳಿಯೇ? ನಂಬೋ ಮಾತಾ ಯಜಮಾನ್ರೇ?"

ಬೆಟ್ಟಯ್ಯನಿಗೆ ಹೆಮ್ಮೆ ತಡೆಯಲಿಲ್ಲ. "ನಂಬಬ್ಯಾಡಿ ಸ್ವಾಮಿ, ನೋಡಿ" ಎಂದು ಬಂಡೆ ಹತ್ತಿ ಮೊರ ತಟ್ಟಿ ಕರೆದ. ಇಪ್ಪತ್ತಾರೂ ಬಯಲಿಗೆ ಬಂದವು. ಸಾಹುಕಾರ ಬೆನ್ನು ತಟ್ಟಿ ಹೋದ.

ಮುಂದಿನ ಭಾನುವಾರ ಬೆಟ್ಟಯ್ಯ ಕಣದಲ್ಲಿದ್ದ. ಗುಡ್ಡದ ಕಡೆಯಿಂದ ಮೊರ ತಟ್ಟುವ ಸದ್ದು ಕೇಳಿತು. ತಿರುಗಿ ನೋಡಿದರೆ ಮನೆಯ ಮೊರ ನೀಲಮ್ಮನ ಕೈಯಲ್ಲೇ ಇತ್ತು. ಅವನು ಗುಡ್ಡದ ಕಡೆಗೆ ಓಡುವಷ್ಟರಲ್ಲಿ ಬಂದೂಕುಗಳು ಢಮಢಮ ಎಂದವು. ಅವನು ಬಂಡೆ ಮುಟ್ಟಿದಾಗ ಜೀಪು ಹೋಗಿತ್ತು. ರಾಗಿ ಕಾಳು, ಗರಿ, ನೆತ್ತರು ಅಷ್ಟೇ ಉಳಿದಿದ್ದವು.

ಮಾರನೆಯ ಬೆಳಿಗ್ಗೆ ಎಷ್ಟು ಉಳಿದಿವೆಯೆಂದು ತಿಳಿಯಲು ಕರೆದ. ಆರು ಬಂದವು. ಏನೂ ನಡೆದೇ ಇಲ್ಲವೆಂಬಂತೆ, ಅದೇ ನೆತ್ತರಿನ ಬಂಡೆಗೆ, ಕತ್ತು ಚಾಚಿಕೊಂಡು ಬಂದವು.

ಬೆಟ್ಟಯ್ಯ ಮೊರ ಕೆಳಗಿಟ್ಟು ಕಲ್ಲು ತೆಗೆದುಕೊಂಡ.

ಅಂದಿನಿಂದ ದಿನಾ ಅದೇ ಕೆಲಸ. ಮೊರ ತಟ್ಟುವುದು, "ಬಾ ಬಾ" ಎನ್ನುವುದು, ಬಂದರೆ ಕವಣೆಯಲ್ಲಿ ಬೀಸುವುದು. ಮೂರನೆಯ ದಿನ ಒಂದು ಹೇಟೆಗೆ ಏಟು ಗಟ್ಟಿಯಾಗಿ ಬಿದ್ದು ಸತ್ತಿತು. ಮೊದಲ ಮರಿಗಳಲ್ಲಿ ಒಂದು ಅದು. ಅವನ ಪಂಚೆಯ ಮಡಿಲಲ್ಲಿ ನಿದ್ದೆ ಮಾಡಿದ್ದು. ಮಿಕ್ಕವು ಪೊದೆಯ ಅಂಚಿನಲ್ಲಿ ಅನುಮಾನಿಸುತ್ತಾ ನಿಂತವು. ಓಡಿಹೋಗಲಿಲ್ಲ.

ಬೇಟೆಯ ಜೊತೆಗಾರ ಮರಿಯಪ್ಪ ಗುಡ್ಡ ಹತ್ತಿ ಬಂದು ಕವಣೆಗೆ ಕೈ ಹಾಕಿದ. "ಕೊಡಣ್ಣ ಇಲ್ಲಿ. ಸಾಕಿದ ಕೈಯಾಗೆ ಎಷ್ಟು ದಿನ ಹೊಡೀತೀಯ? ನಾನು ಹೊಡೀತೀನಿ, ನೀನು ಮನೆಗೋಗು."

"ಕೈ ತೆಗಿಯೋ. ನೀನು ಹೊಡೆದ್ರೆ ನಿಂಗೆ ಹೆದರ್ತವೆ ಕಣ್ಲಾ, ಅಷ್ಟೇ. ಅವು ಹೆದರಬೇಕಾದ್ದು ಈ ಮೊರಕ್ಕೆ, ನನ್ನ ಕೂಗಿಗೆ. ನಂಗ್ಯಾರೂ ಬ್ಯಾಡ, ನಡಿ ನೀನು."