ಕೇಳದೆ ಬರೆದ ಉತ್ತರಗಳು

ಆ ಶಿಶುವಿಹಾರದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮಕ್ಕಳಿಗೂ, ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಓಡುವ ತಾಯಂದಿರಿಗೂ, ಕೊನೆಗೆ ಅವರಿಗಿಂತ ಎರಡು ವರ್ಷ ದೊಡ್ಡವಳಾದ ಅಡುಗೆಯವಳಿಗೂ ಅವರು ದೊಡ್ಡಮ್ಮನೇ. ಮೊದಲು ಅಲ್ಲಿಗೆ ಬಂದದ್ದು ತಾಯಿಯಾಗಿ. ಎರಡು ವರ್ಷದ ಮಗಳನ್ನು ಬಿಟ್ಟು, ಹಿಂತಿರುಗಿ ನೋಡಿದರೆ ಕಾಲು ಏಳುವುದಿಲ್ಲವೆಂದು ಬೀದಿ ತಿರುಗುವವರೆಗೂ ಮುಂದೆಯೇ ನೋಡಿಕೊಂಡು ಹೋಗುತ್ತಿದ್ದರು. ಆಮೇಲೆ ಅಲ್ಲಿಯೇ ಕೆಲಸ ಸಿಕ್ಕಿತು. ಇಪ್ಪತ್ತೆರಡು ವರ್ಷದಿಂದ ಹಾಜರಿ ಪುಸ್ತಕ ಅವರ ಕೈಯಲ್ಲಿತ್ತು. ಯಾವ ಮಗುವಿಗೆ ಹಾಲು ಒಗ್ಗುವುದಿಲ್ಲ, ಯಾವುದು ಬೆರಳು ಚೀಪದೆ ಮಲಗುವುದಿಲ್ಲ, ಯಾರ ಮನೆಯಲ್ಲಿ ಗಂಡ ಹೆಂಡಿರು ಮಾತು ಬಿಟ್ಟಿದ್ದಾರೆ, ಎಲ್ಲ ಬಾಯಿಪಾಠ. ಅಡುಗೆಯವಳು ‘ನಡೆದಾಡುವ ಜನಗಣತಿ’ ಎಂದು ಹೆಸರಿಟ್ಟಿದ್ದಳು. ತಮಾಷೆಗೆ ಅಂದದ್ದನ್ನು ದೊಡ್ಡಮ್ಮ ಬಿರುದೆಂದೇ ಇಟ್ಟುಕೊಂಡರು. ಎಡವಟ್ಟಾದದ್ದು ಅಲ್ಲಿಯೇ.

ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದವರು ವರ್ಷಕ್ಕೊಮ್ಮೆ ತಮ್ಮ ವಿದ್ಯಾರ್ಥಿಗಳನ್ನು ಊರಿನ ಸಂಸ್ಥೆಗಳಿಗೆ ಹಂಚುತ್ತಾರೆ. ಸಂಸ್ಥೆ ಒಂದು ಪ್ರಶ್ನೆ ಕೊಡಬೇಕು. ವಿದ್ಯಾರ್ಥಿಗಳು ನಾಲ್ಕು ತಿಂಗಳು ಅದರ ಬೆನ್ನು ಹತ್ತಿ ಉತ್ತರ ತರಬೇಕು. ಎಷ್ಟೋ ಸಲ ಗುಡ್ಡ ಅಗೆದು ಇಲಿ ಹಿಡಿಯುತ್ತಾರೆ, ಅದು ಬೇರೆ ಮಾತು. ಈ ವರ್ಷ ಶಿಶುವಿಹಾರದ ಪಾಲಿಗೆ ಬಂದವರು ಇಬ್ಬರು: ಒಬ್ಬಳು ಕನ್ನಡಕದ ಹುಡುಗಿ, ಇನ್ನೊಬ್ಬ ಲ್ಯಾಪ್‌ಟಾಪ್ ತಬ್ಬಿಕೊಂಡೇ ಓಡಾಡುವ ಅವಳ ಸಹಪಾಠಿ. ಶಿಶುವಿಹಾರದ ಮೇಲ್ವಿಚಾರಕಿ ಕೊಟ್ಟ ಪ್ರಶ್ನೆ ಸರಳವಾಗಿತ್ತು. ಬಾಗಿಲನ್ನು ಎಂಟಕ್ಕೆ ತೆರೆಯುವ ಬದಲು ಐದೂವರೆಗೆ ತೆರೆದರೆ, ಕಾರ್ಖಾನೆಯ ಮೊದಲ ಪಾಳಿಗೆ ಹೋಗುವ ತಾಯಂದಿರು ಮಕ್ಕಳನ್ನು ತಂದು ಬಿಡುತ್ತಾರೆಯೇ?

ಬಾಗಿಲು ಐದೂವರೆಗೆ ತೆರೆಯಬೇಕಾದರೆ ಕೀಲಿಕೈ ಇಟ್ಟುಕೊಂಡವರು ನಾಲ್ಕಕ್ಕೆ ಏಳಬೇಕು. ಕೀಲಿಕೈ ದೊಡ್ಡಮ್ಮನ ಹತ್ತಿರವಿತ್ತು.

“ನಾವು ಹೋದ್ರೆ ಎಲ್ಲ ಚೆನ್ನಾಗಿದೆ ಅಂತ ಹೇಳಿ ಕಳಿಸಿಬಿಡ್ತಾರೆ ದೊಡ್ಡಮ್ಮ,” ಎಂದಳು ಕನ್ನಡಕದ ಹುಡುಗಿ. “ನೀವು ಕೇಳಿದ್ರೆ ನಿಜ ಹೇಳ್ತಾರೆ. ಮೂವತ್ತೆರಡೇ ಮನೆ, ಮನೆಗೊಂದು ಪ್ರಶ್ನೆ ಹಾಳೆ.”

ದೊಡ್ಡಮ್ಮ ಉಬ್ಬಿಹೋದರು. ಮೊದಲ ದಿನ ಕಾರ್ಮಿಕರ ವಸತಿಯ ಮೆಟ್ಟಿಲು ಹತ್ತಿ ನಾಲ್ಕು ಮನೆ ಮುಗಿಸಿದರು. ಐದನೆಯದಕ್ಕೆ ಮಂಡಿ ಮುಷ್ಕರ ಹೂಡಿತು. ಮುಂದಿನ ಭಾನುವಾರ ಮಧ್ಯಾಹ್ನ, ಊಟದ ಮೇಜಿನ ಮೇಲೆ ಉಳಿದ ಇಪ್ಪತ್ತೆಂಟು ಹಾಳೆಗಳನ್ನು ಹರಡಿಕೊಂಡು ಕೂತರು.

“ಯಾರನ್ನ ಕೇಳಿ ಬರೀತಿದ್ದೀಯಮ್ಮಾ?” ಎಂದಳು ಮಗಳು.

“ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೇ? ಒಂದೊಂದು ಮನೇದೂ ನಂಗೆ ಗೊತ್ತು.”

ಗೊತ್ತೂ ಇತ್ತು, ಬಹಳಷ್ಟು. ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿರುವ ಪುಟ್ಟಿಯ ತಾಯಿಯ ಹಾಳೆ ಬಂದಾಗ ಒಂದು ಕ್ಷಣವೂ ಯೋಚಿಸಲಿಲ್ಲ. ಬೆಳಿಗ್ಗೆ ಮಗುವನ್ನು ನೋಡಿಕೊಳ್ಳುವವರು ಯಾರು? ಅಜ್ಜಿ. ಬೇಗ ತೆರೆಯುವುದು ಬೇಕೇ? ಬೇಡ. ಸಂಜೆಯೊಳಗೆ ಇಪ್ಪತ್ತೇಳು ‘ಬೇಡ’ ಆಗಿದ್ದವು. ಕೇಳಿದ ನಾಲ್ಕೂ ಮನೆಯವರು ಬೇಕು ಎಂದಿರುವಾಗ ಅಷ್ಟೊಂದು ‘ಬೇಡ’ ಹೇಗೆ ಬಂದವು ಎಂದು ಅವರ ಮನಸ್ಸು ಒಮ್ಮೆ ಕೇಳಿತು. ಅದನ್ನು ಗದರಿಸಿ ಸುಮ್ಮನಾಗಿಸಿ, ಹಾಳೆಗಳನ್ನು ಜೋಡಿಸಿ ದಾರ ಕಟ್ಟಿದರು.

ವರದಿ ಒಪ್ಪಿಸುವ ದಿನ ಶಿಶುವಿಹಾರದ ಹಾಲ್‌ನಲ್ಲೇ ಸಭೆ. ದೊಡ್ಡ ಕುರ್ಚಿಗಳು ಸಾಲದೆ ಪ್ರೊಫೆಸರು ಮಕ್ಕಳ ಕುರ್ಚಿಯ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದರು. ದೊಡ್ಡಮ್ಮ ಹಿಂದಿನ ನಲ್ಲಿಯ ಹತ್ತಿರ ಲೋಟ ತೊಳೆಯುತ್ತಿದ್ದಾಗ ಪ್ಯಾಕಿಂಗ್‌ನವಳು ಮೂರು ವರ್ಷದ ಮಗಳನ್ನು ಸೊಂಟದಲ್ಲಿಟ್ಟುಕೊಂಡು ಬಂದಳು.

“ಮನೆಮನೆಗೂ ಬಂದು ಕೇಳಿದ್ರಂತೆ ದೊಡ್ಡಮ್ಮ. ನೀವು ಬಂದಾಗ ನಾನು ಡ್ಯೂಟೀಲಿದ್ದೆ ಅನ್ಸುತ್ತೆ, ತಪ್ಪಿಹೋಯ್ತು. ಈಗ್ಲಾದ್ರೂ ನನ್ನದೊಂದು ಸೇರಿಸೋಕಾಗುತ್ತಾ?”

“ನಿಂಗ್ಯಾಕಮ್ಮಾ? ನಿಮ್ಮತ್ತೆ ನೋಡ್ಕೊಳ್ತಾರಲ್ಲ.”

“ಅತ್ತೆ ನಾದಿನಿ ಮನೆ ಸೇರಿ ಎಂಟು ತಿಂಗಳಾಯ್ತು.”

“ಮತ್ತೆ ಪುಟ್ಟಿ?”

ಅವಳು ನಲ್ಲಿಯ ಕಡೆ ನೋಡಿದಳು. “ಮಲಗಿರ್ತಾಳೆ. ಹೊರಗಡೆಯಿಂದ ಬೀಗ ಹಾಕ್ಕೊಂಡು ಹೋಗ್ತೀನಿ. ಎಂಟಕ್ಕೆ ಪಕ್ಕದ ಮನೆ ಅಕ್ಕ ತೆಗೆದು ಇಲ್ಲಿಗೆ ಕರ್ಕೊಂಡು ಬರ್ತಾರೆ. ಒಂದೊಂದಿನ ಮೊದಲೇ ಎದ್ದುಬಿಡ್ತಾಳಂತೆ.”

ದೊಡ್ಡಮ್ಮ ಕೈಯಲ್ಲಿದ್ದ ಲೋಟವನ್ನು ನಲ್ಲಿಯ ಕೆಳಗೇ ಇಟ್ಟರು. ಎಂಟು ತಿಂಗಳಿಂದ ಪುಟ್ಟಿಯನ್ನು ಕರೆತರುತ್ತಿದ್ದದ್ದು ಪಕ್ಕದ ಮನೆಯವಳೇ. ಅಜ್ಜಿಗೆ ಕಾಲುನೋವಿರಬೇಕು ಎಂದುಕೊಂಡು ಹಾಜರಿ ಹಾಕುತ್ತಿದ್ದರು. ಮಗುವಿನ ಕಣ್ಣು ಊದಿಕೊಂಡಿರುತ್ತಿದ್ದದ್ದನ್ನೂ ನೋಡಿದ್ದರು. ಶೀತ ಎಂದುಕೊಂಡಿದ್ದರು. ಜನಗಣತಿಯಂತೆ! ತಮ್ಮ ಮೇಲೆಯೇ ಅವರಿಗೆ ಹೇಸಿಗೆಯಾಯಿತು.

ಅವರು ಒಳಗೆ ಬಂದು ಕೂತಾಗ ಕನ್ನಡಕದ ಹುಡುಗಿ ಗೋಡೆಯ ಮೇಲೆ ಬಣ್ಣಬಣ್ಣದ ಕಂಬಗಳನ್ನು ತೋರಿಸುತ್ತಿದ್ದಳು. ಮೂವತ್ತೆರಡರಲ್ಲಿ ಇಪ್ಪತ್ತೇಳು ಕುಟುಂಬಗಳಿಗೆ ಬೇಗ ತೆರೆಯುವ ಅಗತ್ಯವಿಲ್ಲ. “ಈ ಉತ್ತರಗಳನ್ನ ನಾವು ನಂಬೋದಕ್ಕೆ ಒಂದು ಕಾರಣ ಇದೆ,” ಎಂದು ಅವಳು ದೊಡ್ಡಮ್ಮನ ಕಡೆ ಕೈ ತೋರಿಸಿದಳು. “ಇವ್ರು ಪ್ರತಿಯೊಂದು ಮನೆ ಬಾಗಿಲಿಗೂ ಹೋಗಿ ಕೇಳಿದ್ದಾರೆ.” ಚಪ್ಪಾಳೆ ಬಿತ್ತು. ಪ್ಯಾಕಿಂಗ್‌ನವಳೂ, ಪುಟ್ಟಿಯ ಎರಡು ಕೈ ಹಿಡಿದು, ಚಪ್ಪಾಳೆ ತಟ್ಟಿಸಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ದೊಡ್ಡಮ್ಮನಿಗೆ. ಇಂಥ ಹೊತ್ತಿನಲ್ಲಿ ಭೂಮಿ ಎಂದೂ ಬಾಯಿ ಬಿಡುವುದಿಲ್ಲ.

“ಹಾಗಾದ್ರೆ ಎಂಟು ಗಂಟೆಯೇ ಇರಲಿ, ಆ ವಿಷಯ ಇಲ್ಲಿಗೆ ಕೈಬಿಡೋಣ,” ಎಂದರು ಮೇಲ್ವಿಚಾರಕಿ.

“ಕೈಬಿಡಬೇಡಿ,” ಎಂದು ದೊಡ್ಡಮ್ಮ ಎದ್ದು ನಿಂತರು. “ಆ ಉತ್ತರ ಅವ್ರದಲ್ಲ. ನಂದು. ನಾಲ್ಕು ಮನೆ ಕೇಳಿದೆ. ಮಿಕ್ಕಿದ್ದು ಮನೇಲಿ ಕೂತು ನಾನೇ ಬರೆದೆ.”

ಹುಡುಗಿಯ ಮುಖ ಬಿಳಿಚಿಕೊಂಡಿತು. ನಾಲ್ಕು ತಿಂಗಳ ದುಡಿಮೆ ಅವಳ ಹಿಂದಿನ ಗೋಡೆಯ ಮೇಲೆ ಹೊಳೆಯುತ್ತಲೇ ಇತ್ತು. ಪ್ರೊಫೆಸರು ಮೆಲ್ಲಗೆ ಕೇಳಿದರು, “ಯಾಕಮ್ಮಾ ಹಾಗ್ಮಾಡಿದ್ರಿ?”

“ಮಂಡಿ ನೋವು,” ಎಂದರು ದೊಡ್ಡಮ್ಮ.

ಹಾಲ್‌ನಲ್ಲಿದ್ದವರ ಮನಸ್ಸು ಮೆತ್ತಗಾಯಿತು. “ಪಾಪ, ವಯಸ್ಸಾಯ್ತಲ್ಲ,” ಎಂದರು ಯಾರೋ. “ನಾವೂ ಜೊತೇಲಿ ಹೋಗ್ಬೇಕಿತ್ತು, ತಪ್ಪು ನಮ್ಮದೂ ಇದೆ,” ಎಂದ ಲ್ಯಾಪ್‌ಟಾಪಿನವ. ಅಷ್ಟಕ್ಕೇ ಕೂತುಬಿಟ್ಟಿದ್ದರೆ ದೊಡ್ಡಮ್ಮನ ಮಾನ ಉಳಿಯುತ್ತಿತ್ತು. ಕೂರಲೆಂದು ಕುರ್ಚಿಗೆ ಕೈ ಚಾಚಿಯೂ ಇದ್ದರು.

ಆಗ ಹಿಂದಿನಿಂದ ಪ್ಯಾಕಿಂಗ್‌ನವಳು ಅಂದಳು, “ನೋವು ಅಂದಿದ್ರೆ ನಾನೇ ನಿಮ್ಮನೆಗೆ ಬಂದು ಹೇಳ್ತಿದ್ನಲ್ಲ ದೊಡ್ಡಮ್ಮ. ಬೀಗ ಹಾಕೋ ವಿಷಯ ಈ ಓದಿದೋರ ಮುಂದೆ ಹೇಳೋಕೆ ನಾಚ್ಕೆ. ನಿಮ್ಮ ಹತ್ರ ಆದ್ರೆ ಹೇಳ್ತಿದ್ದೆ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ದೊಡ್ಡಮ್ಮ ತಡೆದುಕೊಳ್ಳುತ್ತಿದ್ದರೋ ಏನೋ.

“ಮಂಡಿ ನೋವೂ ಅಲ್ಲಮ್ಮ,” ಎಂದರು. “ನಾಲ್ಕಕ್ಕೆ ಏಳೋದು ನಂಗೆ ಬೇಡವಾಗಿತ್ತು. ಅದಕ್ಕೇ ನಿಮ್ಮೆಲ್ಲರಿಗೂ ಬೇಡ ಅಂತ ಬರೆದೆ.”

ಈ ಸಲ ಯಾರೂ ಪಾಪ ಎನ್ನಲಿಲ್ಲ. ಪ್ಯಾಕಿಂಗ್‌ನವಳು ಮಗುವನ್ನು ಎತ್ತಿಕೊಂಡು, ಸಾಲು ದಾಟಿ, ದೊಡ್ಡಮ್ಮನ ಪಕ್ಕದಲ್ಲೇ ಹಾದು ಆ ಹುಡುಗಿಯ ಎದುರು ಹೋಗಿ ನಿಂತಳು.

“ಬರ್ಕೊಳ್ಳಮ್ಮ,” ಎಂದಳು, ಎಲ್ಲರಿಗೂ ಕೇಳಿಸುವಂತೆ. “ನನ್ನ ಮನೇದು ನಾನೇ ಹೇಳ್ತೀನಿ.”